ಖಡ್ಗವೂ ಕಲ್ಪನೆಯೂ: ವಿಜಾಪುರ ಸೀಮೆಯ ಆಯುಧಶಿಲ್ಪವನ್ನು ಕುರಿತು ಒಂದು ವಿಮರ್ಶೆ

೧

ಇತಿಹಾಸವನ್ನು ಬೋಧಿಸುವವರಲ್ಲಿ ಬಹುಕಾಲದಿಂದ ನಡೆದುಬಂದ ಒಂದು ಸೂತ್ರವಿದೆ. ಆಯುಧವು ಸರಳವಾಗಿದ್ದರೆ ಅದನ್ನು ಹಿಡಿದವರು ಪರಾಕ್ರಮಿಗಳು. ಅದರ ಹಿಡಿಯ ಮೇಲೆ ಚಿನ್ನವೇರಿ, ಕೆಂಪು ಹರಳು ಕೂತು, ಸಿಂಹ ಶರಭಗಳು ಮೈದೋರಿದರೆ ಆ ರಾಜ್ಯಕ್ಕೆ ಇಳಿಗಾಲ ಬಂದಿತೆಂದು ತಿಳಿಯಬೇಕು. ನಾವೂ ಈ ಸೂತ್ರವನ್ನು ಕೆಲವು ವರ್ಷ ತರಗತಿಯಲ್ಲಿ ನಿಸ್ಸಂಕೋಚವಾಗಿ ಹೇಳಿದ್ದೇವೆ. ಆದಿಲಶಾಹಿಯ ಪಾಠ ಬಂದಾಗಲೆಲ್ಲ ನಮ್ಮ ಟಿಪ್ಪಣಿಯಲ್ಲಿ ಈ ಒಂದು ವಾಕ್ಯ ಸಿದ್ಧವಾಗಿರುತ್ತಿತ್ತು: ಕಾದಲು ಬಾರದ ಖಡ್ಗವನ್ನು ಮಾಡಿಸಿಕೊಳ್ಳುವವನು ಕಾದುವುದನ್ನು ಮರೆತವನು.

ಒಂದು ದಿನ ಈ ವಾಕ್ಯವನ್ನು ಹೇಳಿ ಮುಗಿಸುವಷ್ಟರಲ್ಲಿ, ಸಿಂದಗಿ ತಾಲೂಕಿನ ಮೋರಟಗಿಯಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸರ್, ನಮ್ಮೂರ ಪುರವಂತರ ಕೈಯಾಗಿನ ಖಡ್ಗಾನೂ ಕಾದಾಕ ಬರೂದಿಲ್ಲ. ಅದೂ ಇಳಿಗಾಲದ್ದ ಏನ್ರಿ?" ಎಂದು ಕೇಳಿದನು. ತರಗತಿಯು ನಕ್ಕಿತು, ನಾವು ನಗಲಾರದೆ ಹೋದೆವು. ವೀರಭದ್ರನ ಹೆಸರಿನಲ್ಲಿ ಕಾಷಾಯವನ್ನುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಒಡಪು ಹೇಳುತ್ತ ಖಡ್ಗವನ್ನು ಝಳಪಿಸುವ ಪುರವಂತರನ್ನು ಕಾಣದವರು ಈ ಸೀಮೆಯಲ್ಲಿ ಯಾರಿದ್ದಾರೆ? ಆ ಖಡ್ಗವು ಯಾವ ರಣರಂಗವನ್ನೂ ಕಂಡುದಲ್ಲ. ಆದರೂ ಅದನ್ನು ಅಲಂಕಾರದ ವಸ್ತುವೆಂದು ಕರೆಯುವ ಧೈರ್ಯ ನಮಗೆ ಬರಲಿಲ್ಲ. ಹಾಗಾದರೆ ನಮ್ಮ ಸೂತ್ರದಲ್ಲಿಯೇ ದೋಷವಿರಬೇಕು.

ಕಾದುವುದಕ್ಕಾಗಿ ಅಲ್ಲದೆ ಒಂದು ಕಥೆಗಾಗಿ, ಒಬ್ಬ ದೇವನಿಗಾಗಿ, ಒಂದು ವೇಷಕ್ಕಾಗಿ, ಅಥವಾ ಒಬ್ಬ ಅರಸನ ಮನಸ್ಸಿನಲ್ಲಿ ಮೂಡಿದ ರೂಪಕ್ಕಾಗಿ ಹೇಳಿ ಮಾಡಿಸಿದ ಆಯುಧವನ್ನು ನಾವು ಇಲ್ಲಿ 'ಕಲ್ಪನೆಯ ಖಡ್ಗ' ಎಂದು ಕರೆದಿದ್ದೇವೆ. ಅಂಥದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಆಯುಧಗಳನ್ನು ಕುರಿತು ಈಚೆಗೆ ನಡೆದಿರುವ ವಿದ್ವತ್ಕಾರ್ಯವು ಈ ಪ್ರಶ್ನೆಗೆ ಎಷ್ಟರಮಟ್ಟಿಗೆ ಉತ್ತರ ಕೊಟ್ಟಿದೆ? ಇವೆರಡನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

೨೦೧೫ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ದಖ್ಖನದ ಸುಲ್ತಾನರ ಕಾಲದ ಕಲೆಯನ್ನು ಕುರಿತು ಒಂದು ದೊಡ್ಡ ಪ್ರದರ್ಶನವು ನಡೆಯಿತು. ನವೀನಾ ನಜತ್ ಹೈದರ್ ಮತ್ತು ಮರಿಕಾ ಸರ್ದಾರ್ ಇವರು ಸಿದ್ಧಪಡಿಸಿದ ಅದರ ಗ್ರಂಥವು ಇಂದು ದಖ್ಖನದ ಕಲೆಯನ್ನು ಅಭ್ಯಾಸ ಮಾಡುವವರಿಗೆ ಅನಿವಾರ್ಯವಾದ ಆಕರವಾಗಿದೆ. ಮೊಗಲರ ಕಲೆಯ ನೆರಳಿನಲ್ಲಿ ಮರೆಯಾಗಿದ್ದ ವಿಜಾಪುರ, ಗೋಳಕೊಂಡ, ಬೀದರ, ಅಹಮದನಗರಗಳನ್ನು ಜಗತ್ತಿನ ಕಣ್ಣಿಗೆ ತಂದ ಶ್ರೇಯಸ್ಸು ಈ ಕಾರ್ಯಕ್ಕೆ ಸಲ್ಲಬೇಕು. ಇದನ್ನು ಮೊದಲು ಹೇಳಿ, ಅನಂತರ ನಮ್ಮ ಆಕ್ಷೇಪಣೆಯನ್ನು ಮುಂದಿಡುವುದು ನ್ಯಾಯ.

ಆ ಪ್ರದರ್ಶನದ ಹೆಸರಿನಲ್ಲಿ ಎರಡು ಗುಣಗಳನ್ನು ಎತ್ತಿ ಹೇಳಲಾಗಿತ್ತು: ಒಂದು ವೈಭವ, ಇನ್ನೊಂದು ಫ್ಯಾಂಟಸಿ. ಈ ಎರಡನೆಯ ಮಾತನ್ನು ನಾವು ಕಲ್ಪನಾವಿಲಾಸವೆಂದು ಕನ್ನಡಿಸಬಹುದು. ಆಯುಧಗಳ ಮಟ್ಟಿಗೆ ಈ ಮಾತು ಯಾವುದನ್ನು ಕುರಿತು ಹೇಳಿದ್ದೆಂಬುದನ್ನು ತಿಳಿಯಲು ಆ ಸಂಗ್ರಹಾಲಯದಲ್ಲಿಯೇ ಇರುವ ಒಂದು ಕಠಾರಿಯನ್ನು ನೋಡಿದರೆ ಸಾಕು. ಅದು ಹದಿನಾರನೆಯ ಶತಮಾನದ ಉತ್ತರಾರ್ಧದ್ದು. ವಿಜಾಪುರದ್ದೋ ಗೋಳಕೊಂಡದ್ದೋ ಆಗಿರಬಹುದೆಂದು ವಿದ್ವಾಂಸರು ಹೇಳುತ್ತಾರೆ. ಅದರ ಅಲಗು ಉಕ್ಕಿನದು. ಹಿಡಿಯು ತಾಮ್ರದಲ್ಲಿ ಎರಕ ಹೊಯ್ದು, ಕೆತ್ತಿ, ಚಿನ್ನದ ಮುಲಾಮು ಕೊಟ್ಟು, ಮಾಣಿಕ್ಯಗಳನ್ನು ಕೂಡಿಸಿದ್ದು. ಆ ಹಿಡಿಯೇ ಒಂದು ಕಾಳಗ. ಘಟಸರ್ಪದಂತಹ ಮೃಗವೊಂದು ಸಿಂಹದ ಮೇಲೆ ಬಿದ್ದಿದೆ. ಸಿಂಹವು ಜಿಂಕೆಯ ಮೇಲೆ ಬಿದ್ದಿದೆ. ಮೇಲಿನ ಮೃಗದ ಬಾಲವು ಹಿಡಿಯ ಸುತ್ತ ಸುತ್ತಿಕೊಂಡಿದೆ. ಇಂಥ ಹಿಡಿಗಳುಳ್ಳ ಕಠಾರಿಗಳು ವಿಜಾಪುರದ ಚಿತ್ರಗಳಲ್ಲಿ ಸೊಂಟಕ್ಕೆ ಸಿಕ್ಕಿಸಿದಂತೆ ಕಾಣಿಸಿಕೊಳ್ಳುತ್ತವೆ. ಆದುದರಿಂದ ಇವು ಪೆಟ್ಟಿಗೆಯಲ್ಲಿಡಲು ಮಾಡಿದ ಆಟಿಕೆಗಳಲ್ಲ, ಮೈಮೇಲೆ ಧರಿಸಿದ ಆಯುಧಗಳು ಎಂಬುದು ಸ್ಪಷ್ಟ.

ಇದನ್ನು ಕಲ್ಪನಾವಿಲಾಸವೆಂದರೆ ಏನು ಕೆಟ್ಟಿತು ಎಂದು ಕೇಳಬಹುದು. ಕಲ್ಪನೆ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳುಂಟು. ಇಲ್ಲದ್ದನ್ನು ಇದೆಯೆಂದು ಭಾವಿಸುವುದು ಒಂದು. ಇರುವ ಸಾಮಗ್ರಿಯನ್ನು ಒಂದು ಕ್ರಮದಲ್ಲಿ ರಚಿಸುವುದು ಇನ್ನೊಂದು. ಎರಡನೆಯದೇ ಈ ಧಾತುವಿನ ಹಳೆಯ ಅರ್ಥ. ವಿಲಾಸವೆಂದೊಡನೆ ಓದುಗನ ಮನಸ್ಸು ಮೊದಲನೆಯ ಅರ್ಥದ ಕಡೆಗೆ ಜಾರುತ್ತದೆ: ಯಾರೋ ಅರಸನು ಸುಖದಲ್ಲಿ ಮೈಮರೆತು ಕಂಡ ಕನಸು, ಅದಕ್ಕೆ ಕೈಗೂಡಿಸಿದ ಯಾರೋ ಕುಶಲಿ. ಹೀಗೆ ಹೇಳಿದಾಗ ಮಾಡಿಸಿದವನ ವಿದ್ಯೆಯೂ ಮಾಡಿದವನ ಶಾಸ್ತ್ರವೂ ಒಟ್ಟಿಗೆ ಮಾಯವಾಗುತ್ತವೆ. ನಮ್ಮ ಇಳಿಗಾಲದ ಸೂತ್ರವೂ ಇದೇ ತಪ್ಪಿನ ಇನ್ನೊಂದು ಮುಖ. ಅವರು ಮೆಚ್ಚಿ ಹೇಳಿದ್ದನ್ನು ನಾವು ಹಳಿದು ಹೇಳಿದ್ದೆವು, ಭೇದ ಅಷ್ಟೆ.

೩

ವಿಜಾಪುರದ ಹಿಡಿಗಳ ಮೇಲಿನ ಮೃಗಗಳು ಒಬ್ಬನ ಮನಸ್ಸಿನಿಂದ ಅಂದಂದಿಗೆ ಹುಟ್ಟಿದವುಗಳಲ್ಲ. ಈ ನಾಡಿನ ಕಲ್ಲಿನಲ್ಲಿ ಅವುಗಳ ವಂಶಾವಳಿಯನ್ನು ಓದಬಹುದು. ಬಳ್ಳಿಗಾವಿಯಲ್ಲಿ ೧೦೪೭ರಲ್ಲಿ ಚಾವುಂಡರಾಯರಸನು ಭೇರುಂಡೇಶ್ವರನ ಸ್ತಂಭವನ್ನು ನಿಲ್ಲಿಸಿದನು. ಚಾಲುಕ್ಯ ದೇವಾಲಯಗಳ ಬಾಗಿಲವಾಡಗಳಲ್ಲಿ ಮಕರವು ಬಾಯಿ ತೆರೆದು ತೋರಣವನ್ನು ಉಗುಳುತ್ತದೆ. ಕೀರ್ತಿಮುಖವು ಅದನ್ನು ನುಂಗುತ್ತದೆ. ವಿಜಯನಗರದ ಮಂಟಪಗಳ ಕಂಬಗಳಲ್ಲಿ ಯಾಳಿಗಳು ಹಿಂಗಾಲ ಮೇಲೆ ನಿಂತಿವೆ. ಕೆಳದಿಯ ರಾಮೇಶ್ವರ ಗುಡಿಯಲ್ಲಿ ಗಂಡಭೇರುಂಡವು ಆನೆಗಳನ್ನು ಹಿಡಿದೆತ್ತಿದೆ. ಒಂದು ಪ್ರಾಣಿಯು ಇನ್ನೊಂದನ್ನು, ಅದು ಮತ್ತೊಂದನ್ನು ಮೀರುವ ಈ ಸರಪಳಿಯು ನಮ್ಮ ಶಿಲ್ಪಿಗಳಿಗೆ ಒಂದು ವ್ಯಾಕರಣವಾಗಿತ್ತು. ಕವಿಯು ಛಂದಸ್ಸಿನೊಳಗೆ ಹೇಗೆ ಹೊಸ ಮಾತನ್ನು ಹೇಳುವನೋ ಹಾಗೆ ಈ ವ್ಯಾಕರಣದೊಳಗೆ ಹೊಸ ರೂಪವನ್ನು ಹೇಳುವುದು ಅವರ ಕಸುಬು.

ಸುಲ್ತಾನರ ದುರ್ಗಗಳು ಈ ವ್ಯಾಕರಣವನ್ನು ಬಿಟ್ಟುಕೊಡಲಿಲ್ಲ. ಬೀದರ ಕೋಟೆಯ ಶರ್ಜಾ ದರವಾಜೆಯ ಮೇಲೆ ಹುಲಿಗಳ ಜೋಡಿಯಿದೆ. ವಿಜಾಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಇ-ಮೈದಾನ ತೋಪನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಮುಟ್ಟಿ ನೋಡಿದವರೇ. ೧೫೪೯ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬವನು ಎರಕ ಹೊಯ್ದ ಈ ತೋಪಿನ ಬಾಯಿಯು ಸಿಂಹದ ಬಾಯಿಯಾಗಿದೆ. ಅದರ ಹಲ್ಲುಗಳ ನಡುವೆ ಆನೆಯೊಂದು ಸಿಕ್ಕಿ ನಜ್ಜುಗುಜ್ಜಾಗುತ್ತಿದೆ. ಎರಕ ಹೊಯ್ದವನು ತುರುಕ ದೇಶದ ಕಡೆಯವನಾದರೂ ಅವನು ತೋಪಿಗೆ ತೊಡಿಸಿದ ಮುಖವು ದಖ್ಖನದ್ದು. ಇದನ್ನು ಯಾರೂ ಕೇವಲ ಅಲಂಕಾರವೆನ್ನಲಾರರು. ಗುಂಡು ಹಾರುವುದೇ ಆ ಬಾಯಿಯಿಂದ. ಕಠಾರಿಯ ಹಿಡಿ ಮತ್ತು ತೋಪಿನ ಬಾಯಿ ಇವೆರಡೂ ಒಂದೇ ಶತಮಾನದವು, ಒಂದೇ ಭಾಷೆಯವು.

ಈ ಭಾಷೆಯನ್ನು ಅರಸರು ಅರಿತೇ ಬಳಸಿದರೆಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ 'ನುಜೂಮ್-ಉಲ್-ಉಲೂಮ್' ಎಂಬ ಸಚಿತ್ರ ಗ್ರಂಥವು ೧೫೭೦ರಲ್ಲಿ ವಿಜಾಪುರದಲ್ಲಿ ರಚಿತವಾದದ್ದು. ಒಂದನೆಯ ಅಲಿ ಆದಿಲಶಹನೇ ಅದರ ಕರ್ತೃವೆಂದು ಎಮ್ಮಾ ಫ್ಲಾಟ್ ಎಂಬ ವಿದುಷಿಯು ೨೦೧೧ರಲ್ಲಿ ವಾದಿಸಿದ್ದಾರೆ. ಗ್ರಹಗಳು, ಶಕ್ತಿದೇವತೆಗಳು, ಆನೆ, ಕುದುರೆ, ಆಯುಧಗಳು ಎಲ್ಲವೂ ಅಲ್ಲಿ ಒಂದೇ ಜ್ಞಾನದ ಅಂಗಗಳಾಗಿ ಬಂದಿವೆ. ಪಾರಸಿಕ ಮತ್ತು ಭಾರತೀಯ ಶಾಸ್ತ್ರಗಳು ಅಲ್ಲಿ ಒಂದೆಡೆ ಕೂಡಿವೆ. ಅಲಿ ಆದಿಲಶಹನು ವಿಜಯನಗರಕ್ಕೆ ತಾನೇ ಹೋಗಿ, ಮಗನನ್ನು ಕಳೆದುಕೊಂಡ ರಾಮರಾಯನಿಗೆ ಸಮಾಧಾನ ಹೇಳಿದನೆಂದು ಫೆರಿಸ್ತಾ ಬರೆದಿರುವನು. ಅದೇ ಅರಸನು ೧೫೬೫ರ ಜನವರಿಯಲ್ಲಿ ಅದೇ ರಾಮರಾಯನ ವಿರುದ್ಧ ನಿಂತನು. ಆ ಯುದ್ಧಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿ, ತಾಳಿಕೋಟೆಗಳು ಸಿಂದಗಿಯ ನೆರೆಯ ಸೀಮೆಯವೇ. ಯುದ್ಧವಾಗಿ ಐದು ವರ್ಷಗಳಲ್ಲಿ ಈ ಗ್ರಂಥ ಹುಟ್ಟಿತು. ಗೆದ್ದವರ ಸೊಂಟದಲ್ಲಿ ಸೋತವರ ಕಂಬದ ಮೃಗಗಳು ಕಂಡರೆ ಅದು ವಿಲಾಸವಲ್ಲ. ತಾವು ಯಾವ ನಾಡನ್ನು ಆಳುತ್ತಿರುವೆವೆಂದು ಅರಸರು ಹೇಳಿಕೊಂಡ ಬಗೆ.

೪

ಇಲ್ಲಿಯವರೆಗೆ ಮಾಡಿಸಿದವನ ಮಾತಾಯಿತು. ಇನ್ನು ಮಾಡಿದವನ ಮಾತು. ಕಲ್ಪನೆಗೆ ಲೋಹವು ಹಾಕುವ ಎಲ್ಲೆಯನ್ನು ತಿಳಿಯದೆ ಈ ಕಸುಬನ್ನು ವಿಮರ್ಶಿಸಲಾಗದು.

'ಉಕ್ಕು' ಎಂಬ ನಮ್ಮ ಮಾತೇ ಯುರೋಪಿನವರ ಬಾಯಲ್ಲಿ 'ವೂಟ್ಸ್' ಆಯಿತೆಂದು ಬಹುಮಂದಿ ಒಪ್ಪಿರುವರು. ಮೆದು ಕಬ್ಬಿಣದ ತುಂಡುಗಳನ್ನು ಕಟ್ಟಿಗೆ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ಕುಲುಮೆಯ ಉರಿಯಲ್ಲಿ ಬಹಳ ಹೊತ್ತು ಕಾಯಿಸಿ, ಮೆಲ್ಲನೆ ಆರಿಸಿದರೆ ಇಂಗಾಲವು ಕಬ್ಬಿಣದೊಳಗೆ ಸೇರಿ ಉಕ್ಕಿನ ಗಟ್ಟಿಯಾಗುತ್ತದೆ. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ನನು ಇದರಲ್ಲಿ ತಂಗಡಿಯ ಕಟ್ಟಿಗೆಯನ್ನು ಹಾಕುತ್ತಿದ್ದುದನ್ನು ಬರೆದಿಟ್ಟಿರುವನು. ಈ ಗಟ್ಟಿಯಿಂದ ಅಲಗನ್ನು ಬಡಿದು ತೆಗೆಯುವಾಗ ಕಾವು ಮಿತಿಯಲ್ಲಿರಬೇಕು. ಹೆಚ್ಚಾದರೆ ಅಲಗಿನ ಮೇಲೆ ಮೂಡಬೇಕಾದ ನೀರಿನ ತೆರೆಗಳಂತಹ ಗೆರೆಗಳು ಅಳಿದುಹೋಗುತ್ತವೆ. ಅಂದರೆ ಅಲಗು ಲೋಹದ ನಿಯಮಕ್ಕೆ ಸೇರಿದ್ದು. ಅಲ್ಲಿ ಅರಸನ ಆಜ್ಞೆ ನಡೆಯದು. ಅರಸನ ಇಚ್ಛೆ ನಡೆಯುವುದು ಹಿಡಿಯಲ್ಲಿ. ಮೇಣದ ಅಚ್ಚಿನಲ್ಲಿ ಏನನ್ನು ಮಾಡಬಹುದೋ ಅದನ್ನೆಲ್ಲ ಎರಕದಲ್ಲಿ ಇಳಿಸಬಹುದು. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಪಡುವಣ ಕರಾವಳಿಯ ಬಂದರುಗಳಿಗೆ ಯುರೋಪಿನ ಅಲಗುಗಳು ಬಂದಾಗ ಅವುಗಳಿಗೆ ಇಲ್ಲಿಯ ಹಿಡಿಗಳನ್ನು ಕೂಡಿಸಿ 'ಫಿರಂಗಿ' ಎಂಬ ಖಡ್ಗವನ್ನು ಮಾಡಿಕೊಂಡುದು ಇದೇ ಕಾರಣದಿಂದ. ಅಲಗು ಎಲ್ಲಿಂದಲಾದರೂ ಬರಬಹುದು. ಹಿಡಿಯು ಹಿಡಿಯುವವನ ನಾಡಿನದಾಗಬೇಕು.

ಹೀಗಿರುವಲ್ಲಿ ವಿದ್ವತ್ತಿನ ಇತಿಹಾಸವು ಒಂದು ವಿಚಿತ್ರವನ್ನು ತೋರಿಸುತ್ತದೆ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ನನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ವೂಟ್ಸ್ ಕುರಿತು ಪ್ರಬಂಧವನ್ನು ಮಂಡಿಸಿದನು. ೧೮೧೯ರಲ್ಲಿ ಮೈಕೇಲ್ ಫ್ಯಾರಡೆಯು ಅದರ ವಿಶ್ಲೇಷಣೆ ನಡೆಸಿದನು. ಇವರಿಗೆ ಬೇಕಾದದ್ದು ಉಕ್ಕು, ಖಡ್ಗವಲ್ಲ. ನಮ್ಮ ಕಾಲದ ಪ್ರದರ್ಶನಕಾರರಿಗೆ ಬೇಕಾದದ್ದು ಹಿಡಿ, ಉಕ್ಕಲ್ಲ. ಒಬ್ಬರು ಅಲಗನ್ನು ಒಯ್ದರು, ಇನ್ನೊಬ್ಬರು ಹಿಡಿಯನ್ನು ಒಯ್ದರು. ಇವೆರಡೂ ಕೂಡುವ ಸ್ಥಳದಲ್ಲಿಯೇ ಕಮ್ಮಾರನ ಬುದ್ಧಿಯಿದೆ. ಅದನ್ನು ನೋಡುವ ಕೆಲಸ ಉಳಿದುಹೋಯಿತು.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು ರಾಬರ್ಟ್ ಎಲ್‌ಗುಡ್. ದಕ್ಷಿಣ ಭಾರತದ ೧೪೦೦ರಿಂದ ೧೮೬೫ರವರೆಗಿನ ಆಯುಧಗಳನ್ನು ಕುರಿತು ೨೦೦೪ರಲ್ಲಿ ಅವರು ಪ್ರಕಟಿಸಿದ ಗ್ರಂಥವು ಆಯುಧವನ್ನು ಪೂಜೆ, ವ್ರತ, ಉತ್ಸವಗಳ ಹಿನ್ನೆಲೆಯಲ್ಲಿಟ್ಟು ನೋಡಿತು. ಹಿಡಿಯ ಮೇಲಿನ ಯಾಳಿಯು ಗುಡಿಯ ಯಾಳಿಯೇ ಎಂಬುದನ್ನು ತೋರಿಸಿಕೊಟ್ಟದ್ದು ಅವರ ದೊಡ್ಡ ಉಪಕಾರ. ಆದರೆ ಅವರ ಆಧಾರಸಾಮಗ್ರಿಯ ಬಹುಭಾಗ ಅರಮನೆಗಳ ಆಯುಧಶಾಲೆಗಳದು, ಮುಖ್ಯವಾಗಿ ತಂಜಾವೂರಿನದು. ೧೮೬೦ರ ದಶಕದಲ್ಲಿ ಆ ಆಯುಧಶಾಲೆಯನ್ನು ವಿಸರ್ಜಿಸಿದಾಗ ಆಯ್ದ ಕೆಲವು ಆಯುಧಗಳು ಮದರಾಸಿನ ಸಂಗ್ರಹಾಲಯವನ್ನು ಸೇರಿದವು. ಉಳಿದ ಎಷ್ಟೋ ಆಯುಧಗಳನ್ನು ಮುರಿದು ಹಳೆಯ ಲೋಹವೆಂದು ಮಾರಿದರು. ಅರಮನೆಯ ಆಯುಧದ ಕಥೆ ಅಲ್ಲಿಗೆ ಮುಗಿಯಿತು. ಆದರೆ ಖಡ್ಗವನ್ನು ಮಾಡಿಸುವ ಕಥೆ ಮುಗಿಯಲಿಲ್ಲ. ಅದು ಊರುಗಳಲ್ಲಿ ಮುಂದುವರಿಯಿತು. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವನ್ನು ಅಲ್ಲಿಯೇ ಹುಡುಕಬೇಕು.

೫

ಊರಿನ ಖಡ್ಗದ ಇತಿಹಾಸದಲ್ಲಿ ೧೮೫೭ ಒಂದು ಗಡಿಗಲ್ಲು. ಆ ವರ್ಷ ಕಂಪನಿ ಸರಕಾರವು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಹೊರಡಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಎದ್ದು ನಿಂತರು. ವರ್ಷದ ಕೊನೆಗೆ ಆ ಊರು ಸುಟ್ಟು ಬೂದಿಯಾಯಿತು, ಹಲವರು ಗಲ್ಲಿಗೇರಿದರು. ಮರುವರ್ಷ ಸುರಪುರದ ವೆಂಕಟಪ್ಪನಾಯಕನ ಪತನವಾಯಿತು. ಫ್ಲೀಟ್ ಸಾಹೇಬರು ಸಂಗ್ರಹಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿಯ ದಂಗೆಯದೂ ಒಂದಿದೆ. ೧೮೭೮ರ ಆಯುಧ ಕಾಯಿದೆಯು ಉಳಿದುದನ್ನು ಪೂರೈಸಿತು. ರೈತನ ಮನೆಯ ಮಾಡದಲ್ಲಿದ್ದ ಕತ್ತಿಯು ಹೀಗೆ ಕ್ರಮವಾಗಿ ಮರೆಯಾಯಿತು.

ಕಾದುವ ಖಡ್ಗ ಹೋದ ಮೇಲೆ ಕಮ್ಮಾರನ ಕೈಯಲ್ಲಿ ಉಳಿದದ್ದು ಯಾವುದು? ದೇವರ ಖಡ್ಗ, ಪುರವಂತನ ಖಡ್ಗ, ದೊಡ್ಡಾಟದ ಖಡ್ಗ. ಅಂದರೆ ಕಲ್ಪನೆಯ ಖಡ್ಗವೇ. ನಾವು ಇಳಿಗಾಲದ ಗುರುತೆಂದು ಹಳಿದ ವಸ್ತುವೇ ಈ ಸೀಮೆಯಲ್ಲಿ ಖಡ್ಗವಿದ್ಯೆಯನ್ನು ನೂರೈವತ್ತು ವರ್ಷಕ್ಕೂ ಮೀರಿ ಕಾಪಾಡಿಕೊಂಡು ಬಂದಿದೆ. ಪ್ರಕೃತ ಲೇಖನದಲ್ಲಿ ನಾವು ಹೇಳಬಯಸುವ ಮುಖ್ಯ ಮಾತು ಇದೇ.

ಆ ವಿದ್ಯಾರ್ಥಿಯೊಡನೆ ನಾವು ಮೋರಟಗಿಗೆ ಹೋದಾಗ ಕುಲುಮೆಯ ಮುಂದೆ ಟ್ರ್ಯಾಕ್ಟರಿನ ನೇಗಿಲು, ಕುಂಟೆಯ ಕುಡ, ಕುಡಗೋಲುಗಳು ಬಿದ್ದಿದ್ದವು. ತಿದಿಯ ಜಾಗದಲ್ಲಿ ವಿದ್ಯುತ್ತಿನ ಗಾಳಿಯಂತ್ರ ಬಂದಿದೆ. ಕಾಳಿನ ಆಯ ಹೋಗಿ ರೊಕ್ಕ ಬಂದಿದೆ. ಎರೆ ಹೊಲದ ಕೆಲಸವೇ ಕಮ್ಮಾರನ ಹೊಟ್ಟೆಪಾಡು. ಖಡ್ಗವು ಎಂದೋ ಒಮ್ಮೆ ಬರುವ ಕೆಲಸ. ಖಡ್ಗ ಮಾಡಿಸಲು ಬಂದವರನ್ನು ಮೊದಲು ಏನು ಕೇಳುವಿರಿ ಎಂದು ವಿಚಾರಿಸಿದಾಗ ಆ ಹಿರಿಯರು ಹೇಳಿದ್ದು ಮೂರೇ ಮಾತು: "ಯಾವ ಕೈಲೆ ಹಿಡಿತಾನ? ಆಳ ಎಷ್ಟ ಎತ್ತರ ಅದಾನ? ಮನ್ಯಾಗ ಹಳೇದು ಅದ ಏನ?"

ಈ ಮೂರು ಪ್ರಶ್ನೆಗಳಲ್ಲಿ ಒಂದು ಪೂರ್ಣವಾದ ವಿಮರ್ಶಾಶಾಸ್ತ್ರವೇ ಅಡಗಿದೆಯೆಂದು ನಮಗೆ ತೋರಿತು. ಮೊದಲನೆಯದು ಹಿಡಿಯನ್ನು ಕುರಿತದ್ದು. ಎರಡನೆಯದು ಉದ್ದ ಮತ್ತು ತೂಕವನ್ನು ಕುರಿತದ್ದು. ತಾಸುಗಟ್ಟಲೆ ಕುಣಿಯುವವನ ತೋಳಿಗೆ ಮುಂಭಾರವಾದ ಖಡ್ಗವು ಶತ್ರುವಾಗುತ್ತದೆ. ಆದುದರಿಂದ ಹಳೆಯ ಲಾರಿಯ ಕಮಾನುಪಟ್ಟಿಯನ್ನು ಕಾಯಿಸಿ ಬಡಿಯುವಾಗ ಮೊನೆಯ ಕಡೆಗೆ ತೆಳ್ಳಗೆ ಮಾಡುತ್ತ ಹೋಗಬೇಕು. ಬಾಯಿಗೆ ಧಾರೆ ಹಿಡಿಸಬಾರದು, ಆದರೆ ಧಾರೆಯಿದ್ದಂತೆ ಕಾಣಬೇಕು. ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು. ಹಳೆಯದು ಇದ್ದರೆ ಹೊಸದು ಅದರ ಮೇರೆಗೆ ಆಗಬೇಕು. ಅಜ್ಜ ಹಿಡಿದುದರ ಬಾಗು ಮೊಮ್ಮಗನ ಖಡ್ಗದಲ್ಲಿಯೂ ಇರಬೇಕು. ದಕ್ಷನ ಯಜ್ಞವನ್ನು ಕೆಡಿಸಿದ ವೀರಭದ್ರನ ಖಡ್ಗವನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಗುಡಿಯ ಮೂರ್ತಿಯ ಕೈಯಲ್ಲಿ ಖಡ್ಗ ಗುರಾಣಿ ಬಿಲ್ಲು ಬಾಣಗಳಿವೆ; ಆ ಕಲ್ಲಿನ ಖಡ್ಗವೂ ಹಿಂದಿನವರ ಕೈಯಲ್ಲಿದ್ದ ಖಡ್ಗವೂ ಸೇರಿ ಇಂದಿನ ಖಡ್ಗಕ್ಕೆ ಪ್ರಮಾಣ.

ದೊಡ್ಡಾಟದ ಖಡ್ಗದ ರೀತಿ ಬೇರೆ. ಅದು ಬಡಿಗನ ಕೈಯ ಹಗುರ ಮರದ್ದು, ಬೇಗಡೆ ಹಚ್ಚಿದ್ದು. ಅದನ್ನು ಹತ್ತಿರದಿಂದ ನೋಡಿದರೆ ಏನೂ ಇಲ್ಲ. ಕತ್ತಲೆಯಲ್ಲಿ ದೀಪದ ಬೆಳಕಿಗೆ ಹಿಡಿದು, ಅಟ್ಟದ ಮೇಲೆ ರಾಕ್ಷಸ ವೇಷಧಾರಿಯು ಒಂದು ಸುತ್ತು ತಿರುಗಿದಾಗ, ಕೊನೆಯ ಸಾಲಿನಲ್ಲಿ ಕೂತ ಮುದುಕಿಗೆ ಅದು ಮಿಂಚಬೇಕು. ಆದುದರಿಂದ ಅದರ ಅಲಗು ನಿಜವಾದುದಕ್ಕಿಂತ ಅಗಲ. ಇದನ್ನು ತಪ್ಪು ಪ್ರಮಾಣವೆಂದು ಕರೆಯುವವನು ದೊಡ್ಡಾಟವನ್ನು ಹಗಲಿನಲ್ಲಿ ನೋಡಿದವನು.

೬

ಈ ಭೇದಗಳು ನಮ್ಮ ಹಳ್ಳಿಗಳಿಗೆ ಮಾತ್ರ ಸೀಮಿತವಲ್ಲ. ೨೦೦೧ರಿಂದ ೨೦೦೩ರವರೆಗೆ ತೆರೆಕಂಡ 'ಲಾರ್ಡ್ ಆಫ್ ದಿ ರಿಂಗ್ಸ್' ಚಲಚ್ಚಿತ್ರಗಳಿಗಾಗಿ ನ್ಯೂಜಿಲೆಂಡಿನ ವೇಟಾ ಕಾರ್ಯಶಾಲೆಯಲ್ಲಿ ಪೀಟರ್ ಲಯನ್ ಎಂಬ ಖಡ್ಗಕಾರರು ಎಂದೂ ಇರದಿದ್ದ ರಾಜ್ಯಗಳ ಖಡ್ಗಗಳನ್ನು ಮಾಡಿದರು. ಅಲ್ಲಿಯೂ ಹತ್ತಿರದ ಚಿತ್ರಣಕ್ಕೆ ಉಕ್ಕಿನದು, ಕಾಳಗದ ದೃಶ್ಯಕ್ಕೆ ಹಗುರವಾದ ಅಲ್ಯುಮಿನಿಯಂ ಪ್ರತಿ, ಬೀಳುವ ಏಳುವ ಸಾಹಸಕ್ಕೆ ಇನ್ನೂ ಮೆದುವಾದ ಪ್ರತಿ ಎಂಬ ವಿಂಗಡಣೆಯಿತ್ತು. ಕಥೆಯ ಒಂದೇ ಖಡ್ಗಕ್ಕೆ ಮೂರು ದೇಹಗಳು. ನಮ್ಮಲ್ಲಿ ಮೂರ್ತಿಯ ಖಡ್ಗ, ಕುಣಿಯುವವನ ಖಡ್ಗ, ಅಟ್ಟದ ಖಡ್ಗ ಎಂದು ಇರುವ ವಿಂಗಡಣೆಯ ತತ್ತ್ವವೂ ಇದೇ. ಡೆಹರಾಡೂನಿನಲ್ಲಿ ೧೯೪೩ರಲ್ಲಿ ಖುಕುರಿಗಳನ್ನು ಮಾಡಲು ಆರಂಭವಾದ ವಿಂಡ್ಲಾಸ್ ಕಾರ್ಖಾನೆಯು ಇಂದು ಹೊರದೇಶಗಳಿಗೆ ಐತಿಹಾಸಿಕ ಖಡ್ಗಗಳ ಪ್ರತಿಕೃತಿಗಳನ್ನೂ ಕಥೆಗಳ ಖಡ್ಗಗಳನ್ನೂ ಕಳುಹಿಸುತ್ತಿದೆ. ಕಲ್ಪನೆಯ ಖಡ್ಗಕ್ಕೆ ಬೇಡಿಕೆ ಕುಂದಿಲ್ಲವೆಂಬುದು ಸ್ಪಷ್ಟ.

ಕುಂದಿರುವುದು ಅದನ್ನು ತೂಗಿ ನೋಡುವ ವಿವೇಕ. ಕಾದಲು ಬಾರದೆಂಬ ಕಾರಣದಿಂದ ತಿರಸ್ಕರಿಸುವುದು ಒಂದು ಅತಿರೇಕವಾದರೆ, ಬೆರಗುಗೊಳಿಸುತ್ತದೆಂಬ ಕಾರಣದಿಂದ ಮೆಚ್ಚುವುದು ಇನ್ನೊಂದು. ಮೋರಟಗಿಯ ಮೂರು ಪ್ರಶ್ನೆಗಳನ್ನು ಆಧಾರವಾಗಿಟ್ಟುಕೊಂಡು ನಾವು ಈ ಕೆಳಗಿನ ಅಳತೆಗಳನ್ನು ಸೂಚಿಸುತ್ತೇವೆ. ಒಂದು, ಖಡ್ಗವು ತನ್ನ ಕೈಯನ್ನು ಅರಿತಿದೆಯೇ? ಎರಡು, ತನ್ನ ರಂಗವನ್ನು, ಅಂದರೆ ತಾನು ಕಾಣಬೇಕಾದ ದೂರವನ್ನೂ ಬೆಳಕನ್ನೂ ಚಲನೆಯನ್ನೂ ಅರಿತಿದೆಯೇ? ಮೂರು, ತನ್ನ ಕಥೆಗೂ ತನ್ನ ಹಿಂದಿನ ಖಡ್ಗಗಳಿಗೂ ಅದು ಉತ್ತರ ಕೊಡುತ್ತದೆಯೇ?

ವಿಜಾಪುರದ ಕಠಾರಿಯನ್ನು ಈಗ ಇದೇ ಅಳತೆಗೆ ಹಿಡಿದು ನೋಡೋಣ. ಅದರ ಶ್ರೇಷ್ಠತೆಯು ಮಾಣಿಕ್ಯಗಳಲ್ಲಿಲ್ಲ. ಮೃಗದ ಬಾಲವು ಹಿಡಿಯ ಸುತ್ತ ಸುತ್ತಿಕೊಂಡಿರುವ ಆ ತಿರುವಿನಲ್ಲಿದೆ. ಬಾಲದ ಸುತ್ತೇ ಬೆರಳಿಗೆ ಹಿಡಿತ. ಕಾಳಗದ ಕಥೆಯೂ ಕೈಯ ಅನುಕೂಲವೂ ಅಲ್ಲಿ ಒಂದೇ ಗೆರೆಯಲ್ಲಿ ಸಿದ್ಧಿಸಿವೆ. ಕಂಬದ ಯಾಳಿಗೆ ಅದು ಮೊಮ್ಮಗ. ಸೊಂಟದಲ್ಲಿ ಸಿಕ್ಕಿಸಿದಾಗ ಅಲಗು ಒರೆಯೊಳಗೆ ಮರೆಯಾಗಿ ಹಿಡಿಯೊಂದೇ ಕಾಣುವುದರಿಂದ ದರ್ಬಾರಿನಲ್ಲಿ ಮಾತಾಡಬೇಕಾದದ್ದು ಹಿಡಿಯೇ, ಅದು ಮಾತಾಡುತ್ತದೆ. ಮೂರು ಅಳತೆಗಳಿಗೂ ಅದು ಸಲ್ಲುತ್ತದೆ. ಇದಕ್ಕೆ ಪ್ರತಿಯಾಗಿ ಇಂದು ಜಾತ್ರೆಯ ಅಂಗಡಿಗಳಲ್ಲಿ ದೊರೆಯುವ ತೆಳು ತಗಡಿನ ಖಡ್ಗಗಳನ್ನು ನೋಡಬಹುದು. ಹಿಡಿಯ ಮೇಲೆ ಸಿಂಹವಿದೆ, ಆದರೆ ಆ ಸಿಂಹದ ಕಿವಿಯು ಅಂಗೈಗೆ ಚುಚ್ಚುತ್ತದೆ. ಅದು ಎಲ್ಲರಿಗಾಗಿ ಮಾಡಿದ್ದು. ಆದುದರಿಂದ ಯಾರ ಕೈಗೂ ಆಗದು. ದೋಷವಿರುವುದು ಅದರ ಕಲ್ಪನೆಯಲ್ಲಲ್ಲ. ಅದನ್ನು ಮಾಡುವಾಗ ಯಾರೂ ಯಾರನ್ನೂ ಏನನ್ನೂ ಕೇಳಲಿಲ್ಲವೆಂಬುದರಲ್ಲಿ.

೭

ನಮ್ಮ ವಾದಕ್ಕೆ ಒಂದೆರಡು ಆಕ್ಷೇಪಣೆಗಳು ಬರಬಹುದು. ಆದಿಲಶಹನ ಕಠಾರಿಯನ್ನೂ ಹಳ್ಳಿಯ ಪುರವಂತನ ಖಡ್ಗವನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯೇ ಎಂದು ಕೆಲವರು ಕೇಳಿಯಾರು. ಒಂದರ ಹಿಂದೆ ರಾಜ್ಯದ ಬೊಕ್ಕಸವಿದೆ, ಇನ್ನೊಂದರ ಹಿಂದೆ ಒಂದು ಮನೆಯ ಹರಕೆಯಿದೆ; ಇದು ನಿಜ. ಆದರೆ ನಾವು ಇವುಗಳ ಬೆಲೆಯನ್ನು ಸಮಮಾಡುತ್ತಿಲ್ಲ, ಇವುಗಳ ವಿಚಾರಕ್ರಮವನ್ನು ಸಮೀಪಕ್ಕೆ ತರುತ್ತಿದ್ದೇವೆ. ಅರಸನ ಕಮ್ಮಾರನು ತನ್ನ ದಣಿಗೆ ಏನು ಕೇಳಿದನೆಂಬುದನ್ನು ಯಾವ ದಾಖಲೆಯಿಂದ ತಿಳಿಯುವುದು? ಊರಿನ ಕಮ್ಮಾರನನ್ನು ನಾವು ಇಂದೇ ಹೋಗಿ ಕೇಳಬಹುದು. ಕಂಡುದರಿಂದ ಕಾಣದುದನ್ನು ಎಚ್ಚರದಿಂದ ಊಹಿಸುವುದು ಇತಿಹಾಸಕಾರನ ಧರ್ಮವೇ ಆಗಿದೆ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಂಭೀರವಾದುದು. ಖಡ್ಗವು ಕೊಲ್ಲುವ ವಸ್ತು. ಅದರ ಸೌಂದರ್ಯವನ್ನು ಕೊಂಡಾಡುವುದರಿಂದ ಹಿಂಸೆಗೆ ಗೌರವ ಬರುವುದಿಲ್ಲವೇ? ಈ ಭಯ ನಿರಾಧಾರವಾದುದಲ್ಲ. ೨೦೨೩ರ ಮೇ ತಿಂಗಳಲ್ಲಿ ಟಿಪ್ಪುಸುಲ್ತಾನನ ಶಯನಗೃಹದ ಖಡ್ಗವು ಲಂಡನ್ನಿನ ಹರಾಜಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಹೋಯಿತು. ಖಡ್ಗದ ಕೆಲಸವು ಉತ್ಕೃಷ್ಟವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಬೆಲೆಯಲ್ಲಿ ೧೭೯೯ರ
ಶ್ರೀರಂಗಪಟ್ಟಣದ ಕೊಳ್ಳೆಯ ನೆನಪಿಗೆ ಎಷ್ಟು ಪಾಲು, ಕಮ್ಮಾರನ ಕೈಗೆ ಎಷ್ಟು ಪಾಲು ಎಂಬುದನ್ನು ಓದುಗರೇ ಯೋಚಿಸಬೇಕು. ಪುರವಂತನ ಖಡ್ಗವಾದರೋ ಬಾಯಿಯಿಲ್ಲದ ಖಡ್ಗ. ಕೊಲ್ಲುವ ಶಕ್ತಿಯನ್ನು ಕಳೆದ ಮೇಲೂ ಖಡ್ಗಕ್ಕೆ ಏನು ಉಳಿಯುತ್ತದೆಂಬುದನ್ನು ಅದು ತೋರಿಸಿಕೊಡುತ್ತದೆ. ಹಿಂಸೆಯನ್ನು ಬಿಟ್ಟು ಖಡ್ಗವನ್ನು ಉಳಿಸಿಕೊಳ್ಳಲು ಒಂದು ಸಮಾಜಕ್ಕೆ ಸಾಧ್ಯವಾದುದು ಕಲ್ಪನೆಯಿಂದಲೇ.

ಕೊನೆಯದಾಗಿ ನಮ್ಮ ವೃತ್ತಿಬಂಧುಗಳಲ್ಲಿ ಒಂದು ವಿಜ್ಞಾಪನೆ. ಗೋಲಗುಮ್ಮಟದ ನಗಾರಖಾನೆಯ ಸಂಗ್ರಹಾಲಯಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ಆಯುಧಗಳ ಮುಂದೆ ಕಾಲ, ಅರಸು, ಯುದ್ಧ ಎಂಬ ಮೂರನ್ನೇ ಹೇಳಿ ಮುಂದೆ ನಡೆಯಬಾರದು. ಈ ಹಿಡಿ ಯಾರ ಕೈಗೆ, ಈ ರೂಪ ಯಾವ ಕಥೆಗೆ, ಇದರ ಹಿಂದಿನದು ಯಾವುದು ಎಂದು ಕೇಳಿಸಬೇಕು. ಬಿಡುವಿನ ದಿನಗಳಲ್ಲಿ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಗುಡಿಯ, ಪುರವಂತರ ಮನೆಯ, ಆಟದ ಪೆಟ್ಟಿಗೆಯ ಖಡ್ಗಗಳ ಉದ್ದ, ತೂಕ, ಹಿಡಿಯ ರೀತಿ, ಮಾಡಿದವರ ಮನೆತನ, ಮಾಡಿಸಿದ ಕಾರಣ ಇವುಗಳನ್ನು ಬರೆದುಕೊಂಡು ಬರಲಿ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ. ಒಂದು ಅಳತೆಯ ಪಟ್ಟಿ, ಒಂದು ವಹಿ ಸಾಕು. ಆದರೆ ಕಾಲವಿಲ್ಲ. ನಾವು ಮಾತಾಡಿದ ಹಿರಿಯರ ಮಕ್ಕಳು ವೆಲ್ಡಿಂಗ್ ಕೆಲಸವನ್ನು ಹಿಡಿದಿದ್ದಾರೆ. ಅದು ಅವರ ತಪ್ಪಲ್ಲ. ಆದರೆ ಆ ಮೂರು ಪ್ರಶ್ನೆಗಳನ್ನು ಕೇಳುವವರು ಮುಂದೆ ಆ ಕುಲುಮೆಯಲ್ಲಿ ಇರಲಾರರು.

ನಮ್ಮ ಟಿಪ್ಪಣಿಯ ಆ ಹಳೆಯ ವಾಕ್ಯವನ್ನು ನಾವು ಹೊಡೆದುಹಾಕಿದ್ದೇವೆ. ಅದರ ಜಾಗದಲ್ಲಿ ಬೇರೆ ಸೂತ್ರವನ್ನು ಬರೆದಿಲ್ಲ. ಮೋರಟಗಿಯ ಮೂರು ಪ್ರಶ್ನೆಗಳನ್ನು, ಅವು ಹುಟ್ಟಿದ ಮಾತಿನಲ್ಲಿಯೇ, ಬರೆದುಕೊಂಡಿದ್ದೇವೆ.